ಸಂಗತಿ ಮೊದಲು, ಸುದ್ದಿ ಆಮೇಲೆ



ಮಾವೋ ಹೆಸರು ನಿಮಗೆಲ್ಲ ಗೊತ್ತು. ಚೌ ಎನ್‌ಲಾಯ್ ಹೆಸರನ್ನೂ ಕೇಳಿದ್ದೀರಿ. ಲು ದಿಂಗ್‌ಯಿ ಎಂಬ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಆದರೆ ಸುಮಾರು ಇಪ್ಪತ್ತು ವರ್ಷ, ಚೀನಾದ ಜನ ಪತ್ರಿಕೆಯಲ್ಲಿ ಏನು ಓದಬೇಕು, ಬಾನುಲಿಯಲ್ಲಿ ಏನು ಕೇಳಬೇಕು, ಮಕ್ಕಳು ಯಾವ ಪಾಠ ಕಲಿಯಬೇಕು, ಯಾವ ನಾಟಕ ರಂಗಕ್ಕೆ ಏರಬೇಕು ಎಂಬುದನ್ನು ತೀರ್ಮಾನಿಸುವ ಕಚೇರಿ ಈತನ ಕೈಯಲ್ಲಿತ್ತು. ಅದು ಚೀನಾ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಪ್ರಚಾರ ಇಲಾಖೆ.

ಈತನ ಬದುಕನ್ನು ನಾನು ಒಂದೇ ಪ್ರಶ್ನೆ ಹಿಡಿದು ನಿಮ್ಮ ಮುಂದೆ ಇಡುತ್ತೇನೆ. ಪತ್ರಿಕೆಗೆ ಸಂಗತಿ ಮೊದಲೋ, ಪಕ್ಷದ ಮಾತು ಮೊದಲೋ? ಲು ದಿಂಗ್‌ಯಿ ಈ ಪ್ರಶ್ನೆಗೆ ಉತ್ತರ ಬರೆದಿಟ್ಟ. ಆಮೇಲೆ ಆ ಉತ್ತರಕ್ಕೆ ವಿರುದ್ಧವಾಗಿಯೇ ಬಹುಕಾಲ ಕೆಲಸ ಮಾಡಿದ. ಕೊನೆಗೆ ಅದೇ ಕೆಲಸ ಅವನನ್ನು ನುಂಗಿತು.

ಮೊದಲು ಅವನು ಯಾರು ಎಂದು ತಿಳಿಯೋಣ. 1906ರಲ್ಲಿ ಜಿಯಾಂಗ್‌ಸು ಪ್ರಾಂತದ ವುಶಿ ಪಟ್ಟಣದಲ್ಲಿ ಹುಟ್ಟಿದ. ಶಾಂಘಾಯಿಯಲ್ಲಿ ಕಾಲೇಜು ಓದಿದ. 1925ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗ, ಕಮ್ಯುನಿಸ್ಟ್ ಪಕ್ಷ ಸೇರಿದ. 1928ರಲ್ಲಿ ಮಾಸ್ಕೋಗೆ ಹೋದ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮುಂದೆ 1946ರಲ್ಲಿ ಅಮೆರಿಕದ ಪತ್ರಕರ್ತೆ ಆನಾ ಲೂಯಿಸ್ ಸ್ಟ್ರಾಂಗ್ ಮಾವೋನನ್ನು ಭೇಟಿಯಾದಾಗ ನಡುವೆ ಕುಳಿತ ದುಭಾಷಿ ಇವನೇ.

1934ರ ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟರ ಕೆಂಪು ಸೇನೆ ದಕ್ಷಿಣದ ತನ್ನ ನೆಲೆ ಬಿಟ್ಟು ಹೊರಟಿತು. ಹೊರಟವರು ಸುಮಾರು 86,000 ಜನ. ಇದೇ ಲಾಂಗ್ ಮಾರ್ಚ್. ಲು ಕೂಡ ನಡೆದ. ಅವನ ಹೆಂಡತಿ ತಾಂಗ್ ಯಿಝೆನ್ ಆಗ ತುಂಬು ಬಸುರಿ. ಆಕೆ ಹಿಂದೆಯೇ ಉಳಿಯಬೇಕಾಯಿತು. 1935ರಲ್ಲಿ, ಕಮ್ಯುನಿಸ್ಟರ ಎದುರಾಳಿ ಪಕ್ಷವಾದ ಕೌಮಿಂಟಾಂಗ್‌ನ ಸೈನಿಕರು ಆಕೆಯನ್ನು ಹಿಡಿದು ಕೊಂದರು. ಮಕ್ಕಳು ಯಾರದೋ ಮನೆಯ ಪಾಲಾದರು. ಆ ಮಕ್ಕಳಲ್ಲಿ ಒಬ್ಬಳಾದ ಮಗಳು ತಂದೆಗೆ ಮತ್ತೆ ಸಿಕ್ಕಿದ್ದು 1980ರಲ್ಲಿ. ಅಷ್ಟರಲ್ಲಿ ಅವಳಿಗೆ ಐವತ್ತರ ಹತ್ತಿರದ ವಯಸ್ಸು.

ಈ ಮಾತು ಯಾಕೆ ಹೇಳಿದೆ ಎಂದರೆ, ಲು ದಿಂಗ್‌ಯಿ ಕುರ್ಚಿಗಾಗಿ ಪಕ್ಷಕ್ಕೆ ಬಂದವನಲ್ಲ. ಪಕ್ಷಕ್ಕಾಗಿ ಮನೆಯನ್ನೇ ಕಳೆದುಕೊಂಡವನು. ಆ ನಡಿಗೆಯ ದಾರಿಯಲ್ಲೇ ‘ಕೆಂಪು ನಕ್ಷತ್ರ’ ಎಂಬ ಸೇನಾ ಪತ್ರಿಕೆಯನ್ನು, ಮುಂದೆ ಚೀನಾದ ಪರಮೋಚ್ಚ ನಾಯಕನಾದ ಡೆಂಗ್ ಷಿಯಾವೋಪಿಂಗ್‌ನ ನಂತರ, ಇವನು ನೋಡಿಕೊಂಡ. ಹಗಲು ನಡಿಗೆ, ರಾತ್ರಿ ಪತ್ರಿಕೆ. ರಾತ್ರಿ ಹೊತ್ತು ಕಡಿದಾದ ಬೆಟ್ಟವೊಂದನ್ನು ಹತ್ತಿ ದಾಟಿದ ಅನುಭವ ಕುರಿತು ಅವನು ಬರೆದ ಪ್ರಬಂಧವನ್ನು ಚೀನಾದ ಶಾಲಾ ಮಕ್ಕಳು ತಲೆಮಾರುಗಳ ಕಾಲ ಪಠ್ಯದಲ್ಲಿ ಓದಿದರು. ಬರೆಯುವ ಕೈ ಅವನದು. ಅದನ್ನು ನೆನಪಿಡಿ.

ಲು ಯಾರು ಎಂಬುದು ತಿಳಿಯಿತು. ಈಗ ಅವನು ಕೊಟ್ಟ ಉತ್ತರಕ್ಕೆ ಬರೋಣ.

ಸ್ಥಳ ಯೆನಾನ್. ಚೀನಾದ ವಾಯುವ್ಯದ ಬಡ ಊರು. ಹಳದಿ ಮಣ್ಣಿನ ಗುಡ್ಡಗಳು. ಗುಡ್ಡ ಕೊರೆದು ಮಾಡಿದ ಗುಹೆಮನೆಗಳು. ಪಕ್ಷದ ನಾಯಕರೆಲ್ಲ ಅಲ್ಲೇ ವಾಸ. ಅಲ್ಲಿಂದ ‘ವಿಮೋಚನಾ ದೈನಿಕ’ ಎಂಬ ಪತ್ರಿಕೆ ಹೊರಡುತ್ತಿತ್ತು. ಊರ ಸುತ್ತ ಬೆಳೆಯುವ ಹುಲ್ಲಿನಿಂದ ತಯಾರಿಸಿದ ಒರಟು ಕಾಗದ. 1942ರಲ್ಲಿ ಲು ದಿಂಗ್‌ಯಿ ಅದರ ಪ್ರಧಾನ ಸಂಪಾದಕನಾದ.

1943ರ ಸೆಪ್ಟೆಂಬರ್ 1ರಂದು ಅವನ ಒಂದು ದೀರ್ಘ ಲೇಖನ ಆ ಪತ್ರಿಕೆಯಲ್ಲಿ ಬಂತು. ಸುದ್ದಿ ಎಂದರೇನು ಎಂದು ಅದರಲ್ಲಿ ಕೇಳಿದ. ಹೊಸದಾಗಿ ನಡೆದ ಸಂಗತಿಯ ವರದಿಯೇ ಸುದ್ದಿ ಎಂದು ಉತ್ತರಿಸಿದ. ಸಂಗತಿ ಮೊದಲು ಬರುತ್ತದೆ, ಸುದ್ದಿ ಅದರ ಬೆನ್ನಿಗೆ ಬರುತ್ತದೆ ಎಂದ. ಸಂಗತಿಯೇ ಇಲ್ಲದೆ ಸುದ್ದಿ ಹುಟ್ಟಲಾರದು. ಹೀಗೆ ಸ್ಪಷ್ಟವಾಗಿ ಬರೆದ.

ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇತ್ತು. ಸಂಗತಿಯನ್ನು ಗೌರವಿಸುವುದು ಕ್ರಾಂತಿಯ ನಿಲುವಿನ ಜೊತೆ ಕೂಡಿರಬೇಕು. ಜನರ ಸೇವೆಗೆ ನಿಂತ ಪಕ್ಷದ ಪತ್ರಿಕೆಗೆ ಮಾತ್ರ ನಿಜ ಪೂರ್ತಿಯಾಗಿ ಕಾಣುತ್ತದೆ. ಇದು ಅವನ ವಾದ. ಇಡೀ ತೊಂದರೆಯ ಬೇರು ಇಲ್ಲೇ ಇದೆ ಎಂದು ನನ್ನ ಎಣಿಕೆ. ನಿಜ ಯಾವುದು ಎಂದು ಹೇಳುವ ಅಧಿಕಾರ ಒಬ್ಬರಿಗೇ ಸಿಕ್ಕಮೇಲೆ, ಸಂಗತಿ ಮೊದಲು ಎನ್ನುವ ಮಾತಿಗೆ ಕಾವಲು ಯಾರು?

ಆ ಕಾವಲು ಇರಲಿಲ್ಲ ಎಂಬುದಕ್ಕೆ ಯೆನಾನ್‌ನಲ್ಲೇ ಸಾಕ್ಷಿ ಇತ್ತು. 1942ರ ಮಾರ್ಚ್‌ನಲ್ಲಿ, ಲು ಸಂಪಾದಕನಾಗುವ ಕೆಲವೇ ತಿಂಗಳ ಮುಂಚೆ, ಇದೇ ಪತ್ರಿಕೆಯಲ್ಲಿ ವಾಂಗ್ ಶಿವೆಯಿ ಎಂಬ ಲೇಖಕ ಒಂದು ಬರಹ ಪ್ರಕಟಿಸಿದ್ದ. ನಾಯಕರಿಗೆ ಒಂದು ಊಟ, ಒಂದು ಬಟ್ಟೆ, ಉಳಿದವರಿಗೆ ಇನ್ನೊಂದು, ಈ ತಾರತಮ್ಯ ಯಾಕೆ ಎಂದು ಕೇಳಿದ್ದ. ಅವನು ಬರೆದದ್ದು ಕಣ್ಣೆದುರಿನ ಸಂಗತಿ. ಅವನನ್ನು ಸಭೆಗಳಲ್ಲಿ ಖಂಡಿಸಿದರು. ಸೆರೆ ಹಿಡಿದರು. 1947ರಲ್ಲಿ ಕೊಂದರು.

ನಾವು ಎಲ್ಲಿದ್ದೇವೆ ನೋಡೋಣ. ಕೈಯಲ್ಲಿ ಒಳ್ಳೆಯ ಬರಹ. ಎದೆಯಲ್ಲಿ ಗಟ್ಟಿ ನಂಬಿಕೆ. ಬರೆದಿಟ್ಟ ಒಂದು ಉತ್ತರ, ಅದರಲ್ಲೇ ಒಂದು ಬಿರುಕು. ಇನ್ನು ಅವನ ಕೈಗೆ ಅಧಿಕಾರ ಬಂದ ಕಾಲ.

1945ರ ಆರಂಭದಲ್ಲಿ ಲು ಕೇಂದ್ರ ಪ್ರಚಾರ ಇಲಾಖೆಯ ಮುಖ್ಯಸ್ಥನಾದ. 1966ರ ತನಕ ಅವನೇ. ನಡುವೆ ಒಂದೆರಡು ವರ್ಷ ಮಾತ್ರ ಷಿ ಝೊಂಗ್‌ಷುನ್ ಮುಖ್ಯಸ್ಥನಾಗಿದ್ದ, ಲು ಅವನ ಕೈಕೆಳಗಿದ್ದ. ಈ ಷಿ ಝೊಂಗ್‌ಷುನ್ ಇಂದಿನ ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್‌ನ ತಂದೆ.

ಈ ಇಲಾಖೆ ಸರ್ಕಾರದ್ದಲ್ಲ, ಪಕ್ಷದ್ದು. ಸರ್ಕಾರದಲ್ಲಿ ಸಂಸ್ಕೃತಿ ಸಚಿವಾಲಯ ಬೇರೆ ಇತ್ತು, ಶಿಕ್ಷಣ ಸಚಿವಾಲಯ ಬೇರೆ ಇತ್ತು. ಆದರೆ ಅವುಗಳ ದಾರಿ ನಿರ್ಧಾರವಾಗುತ್ತಿದ್ದದ್ದು ಇಲ್ಲಿ. ಬೀಜಿಂಗ್‌ನಲ್ಲಿ ಒಂದು ಕೇಂದ್ರ ಕಚೇರಿ. ಅದರ ಕೆಳಗೆ ಪ್ರತಿ ಪ್ರಾಂತದಲ್ಲಿ ಒಂದು. ಅದರ ಕೆಳಗೆ ಪ್ರತಿ ಕೌಂಟಿಯಲ್ಲಿ ಒಂದು. ಕಾರ್ಖಾನೆ, ಕಾಲೇಜು, ನಾಟಕ ಮಂಡಳಿ, ಎಲ್ಲ ಕಡೆ ಅದರ ಜನ. ಹಳ್ಳಿಗಳಲ್ಲಿ ಕಂಬಕ್ಕೆ ಕಟ್ಟಿದ ಧ್ವನಿವರ್ಧಕ. ಕೌಂಟಿ ಕೇಂದ್ರದಿಂದ ತಂತಿ ಎಳೆದಿರುತ್ತಿದ್ದರು. ನಿಮ್ಮ ಬಾನುಲಿಯನ್ನು ನೀವು ಬೇಡವೆಂದರೆ ಆರಿಸಬಹುದು. ಆ ಹಳ್ಳಿಯವರಿಗೆ ಅದು ಆಗುತ್ತಿರಲಿಲ್ಲ.

1955ರಲ್ಲಿ ಹು ಫೆಂಗ್ ಎಂಬ ವಿಮರ್ಶಕನ ಪ್ರಸಂಗ ಬಂತು. ಸಾಹಿತ್ಯದ ಮೇಲೆ ಪಕ್ಷದ ಹಿಡಿತ ಹೆಚ್ಚಾಯಿತು ಎಂದು ಅವನು ಪಕ್ಷಕ್ಕೇ ಒಂದು ದೀರ್ಘ ವರದಿ ಬರೆದುಕೊಟ್ಟಿದ್ದ. ಉತ್ತರವಾಗಿ ಬಂದದ್ದು ಸೆರೆಮನೆ. ಅವನು ಗೆಳೆಯರಿಗೆ ಬರೆದ ಖಾಸಗಿ ಪತ್ರಗಳನ್ನು ತುಂಡರಿಸಿ ಪಕ್ಷದ ಮುಖ್ಯ ಪತ್ರಿಕೆ ‘ಪೀಪಲ್ಸ್ ಡೈಲಿ’ಯಲ್ಲಿ ಅಚ್ಚು ಹಾಕಿದರು. ಅದಕ್ಕೆ ಮಾವೋನೇ ಟಿಪ್ಪಣಿ ಬರೆದ. ಎರಡು ಸಾವಿರಕ್ಕೂ ಹೆಚ್ಚು ಜನ ವಿಚಾರಣೆಗೆ ಸಿಕ್ಕರು. ಹು ಫೆಂಗ್ ಹೊರಬಂದದ್ದು 1979ರಲ್ಲಿ. ಅಪ್ಪಣೆ ಮಾವೋನದು, ನಿಜ. ಆದರೆ ದೇಶದ ತುಂಬ ಅದನ್ನು ಸಾರಿದ ಇಲಾಖೆ ಲು ದಿಂಗ್‌ಯಿಯದು.

ಇಷ್ಟು ಕಠಿಣ ಇಲಾಖೆಯ ಇದೇ ಮುಖ್ಯಸ್ಥ ಮರುವರ್ಷ ಎದ್ದು ನಿಂತು ಬೇರೆಯೇ ಮಾತು ಆಡಿದ. ಇಲ್ಲಿ ಸ್ವಲ್ಪ ನಿಲ್ಲೋಣ. ಅವನ ಬದುಕಿನ ಒಳ್ಳೆಯ ಗಳಿಗೆ ಇದು.

1956ರ ಮೇ 26. ಬೀಜಿಂಗ್‌ನ ಒಂದು ಸಭಾಂಗಣ. ಎದುರಿಗೆ ವಿಜ್ಞಾನಿಗಳು, ವೈದ್ಯರು, ಲೇಖಕರು, ಕಲಾವಿದರು. ನೂರು ಹೂ ಅರಳಲಿ, ನೂರು ಪಂಥಗಳು ವಾದಿಸಲಿ ಎಂಬ ನೀತಿಯನ್ನು ಮಾವೋ ಏಪ್ರಿಲ್‌ನಲ್ಲಿ ಒಳಸಭೆಯಲ್ಲಿ ಹೇಳಿದ್ದ. ಅದನ್ನು ಹೊರಗಿನವರಿಗೆ ಬಿಡಿಸಿ ಹೇಳುವ ಕೆಲಸ ಲು ದಿಂಗ್‌ಯಿಗೆ ಬಂತು. ಅವನು ಬಿಡಿಸಿಯೇ ಹೇಳಿದ. ಸ್ವತಂತ್ರವಾಗಿ ಯೋಚಿಸುವ ಸ್ವಾತಂತ್ರ್ಯ ಬೇಕು. ವಾದ ಮಾಡುವ ಸ್ವಾತಂತ್ರ್ಯ ಬೇಕು. ಬರೆಯುವ, ಟೀಕಿಸುವ ಸ್ವಾತಂತ್ರ್ಯ ಬೇಕು. ತನ್ನ ಅಭಿಪ್ರಾಯ ಹೇಳುವ, ಹೇಳಿದ್ದಕ್ಕೆ ಅಂಟಿಕೊಳ್ಳುವ, ಒಪ್ಪದಿದ್ದರೆ ತನ್ನಲ್ಲೇ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಬೇಕು. ವಿಜ್ಞಾನಕ್ಕೆ ವರ್ಗದ ಮುದ್ರೆ ಒತ್ತಬಾರದು. ಚೀನೀ ವೈದ್ಯಪದ್ಧತಿ ಊಳಿಗಮಾನ್ಯ, ಪಾಶ್ಚಾತ್ಯ ವೈದ್ಯಪದ್ಧತಿ ಬಂಡವಾಳಶಾಹಿ ಎನ್ನುವುದು ತಪ್ಪು. ಪ್ರಚಾರ ಇಲಾಖೆಯ ಮುಖ್ಯಸ್ಥನ ಬಾಯಲ್ಲಿ ಈ ಮಾತು ಬಂತು, ಕೇಳುಗರೇ. ಜೂನ್ 13ರಂದು ಅದು ‘ಪೀಪಲ್ಸ್ ಡೈಲಿ’ಯಲ್ಲಿ ಅಚ್ಚಾಯಿತು.

ಅದರ ಫಲವೂ ಕಂಡಿತು. ಒಂದೇ ಉದಾಹರಣೆ ಕೊಡುತ್ತೇನೆ. ಸೋವಿಯತ್ ರಷ್ಯದ ಲೈಸೆಂಕೊ ಎಂಬವನು ವಂಶವಾಹಿ ಎಂಬುದೇ ಇಲ್ಲ ಎಂದು ಸಾರಿದ್ದ. ಸ್ಟಾಲಿನ್ ಅವನ ಬೆನ್ನಿಗಿದ್ದ. ಹಾಗಾಗಿ ಚೀನಾದ ಕಾಲೇಜುಗಳಲ್ಲೂ ನಿಜವಾದ ತಳಿವಿಜ್ಞಾನದ ಪಾಠ ನಿಂತಿತ್ತು. ಅಮೆರಿಕದಲ್ಲಿ ಮಾರ್ಗನ್ ಎಂಬ ಮಹಾವಿಜ್ಞಾನಿಯ ಬಳಿ ಕಲಿತು ಬಂದ ತಾನ್ ಜಿಯಾಝೆನ್ ಅಂಥವರೂ ಬಾಯಿ ಮುಚ್ಚಬೇಕಾಗಿತ್ತು. 1956ರ ಆಗಸ್ಟ್‌ನಲ್ಲಿ, ಲು ದಿಂಗ್‌ಯಿಯ ಇಲಾಖೆಯ ಬೆಂಬಲದಿಂದಲೇ, ಕಡಲತೀರದ ಚಿಂಗ್‌ದಾವೋದಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಸೇರಿದರು. ಎರಡೂ ಪಂಥದವರು ಹದಿನೈದು ದಿನ ಎದುರುಬದುರು ಕೂತು ವಾದಿಸಿದರು. ಮುಚ್ಚಿದ ಪಾಠ ಮತ್ತೆ ತೆರೆಯಿತು. ಸಂಗತಿಯನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂಬುದು ಆ ಹದಿನೈದು ದಿನದಲ್ಲಿ ಕಂಡಿತು.

ಉತ್ತರ ಬರೆದ, ಅಧಿಕಾರ ಪಡೆದ, ಒಮ್ಮೆ ಆ ಉತ್ತರಕ್ಕೆ ತಕ್ಕಂತೆ ನಡೆದ. ಇಲ್ಲಿಯತನಕದ ಕಥೆ ಇದು. ಮುಂದಿನದು ಹೇಳಲು ಕಷ್ಟ.

1957ರ ವಸಂತದಲ್ಲಿ ಜನ ಆ ಭರವಸೆ ನಂಬಿ ಮಾತಾಡಿದರು. ಅಧ್ಯಾಪಕರು ಮಾತಾಡಿದರು. ವಿದ್ಯಾರ್ಥಿಗಳು ಗೋಡೆಪತ್ರ ಬರೆದರು. ಪಕ್ಷದ ತಪ್ಪುಗಳನ್ನು ಹೇಳಿ ಎಂದು ಪಕ್ಷವೇ ಕೇಳಿತ್ತು, ಅವರು ಹೇಳಿದರು. ಜೂನ್ 8ರಂದು ‘ಪೀಪಲ್ಸ್ ಡೈಲಿ’ ಸಂಪಾದಕೀಯ ದಿಕ್ಕು ಬದಲಿಸಿತು. ಮಾತಾಡಿದವರೆಲ್ಲ ಬಲಪಂಥೀಯರು ಎಂದಾಯಿತು. ಸುಮಾರು ಐದೂವರೆ ಲಕ್ಷ ಜನರ ಹಣೆಗೆ ಆ ಪಟ್ಟಿ ಅಂಟಿತು. ಕೆಲಸ ಹೋಯಿತು. ಅನೇಕರನ್ನು ದೂರದ ದುಡಿಮೆಯ ಶಿಬಿರಗಳಿಗೆ ಕಳಿಸಿದರು. ಇಪ್ಪತ್ತು ವರ್ಷ ಆ ಪಟ್ಟಿ ಹೊತ್ತವರಿದ್ದಾರೆ.

ಸ್ವಾತಂತ್ರ್ಯದ ಭಾಷಣ ಮಾಡಿದ ಲು ದಿಂಗ್‌ಯಿ ಆಗ ಏನು ಮಾಡಿದ? ಆ ಜನರ ಪರ ನಿಲ್ಲಲಿಲ್ಲ. ಅವರ ವಿರುದ್ಧ ಮಾತಾಡಿದ. ಅವನ ಇಲಾಖೆ ಆ ಬೇಟೆಯ ಮುಂದಾಳಾಯಿತು. ಅವನ ಮಾತು ನಂಬಿದ್ದವರಿಗೆ ಇದಕ್ಕಿಂತ ದೊಡ್ಡ ಮೋಸ ಬೇಕೆ? ಈ ಒಂದು ವಿಷಯದಲ್ಲಿ ಅವನಿಗೆ ಯಾವ ರಿಯಾಯಿತಿಯನ್ನೂ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಾತಾಡಿದವರ ಬಾಯಿ ಮುಚ್ಚಿದ ಮೇಲೆ ಉಳಿದವರು ಏನು ಹೇಳುತ್ತಾರೆ? ಮೇಲಿನವರಿಗೆ ಬೇಕಾದ್ದನ್ನು ಹೇಳುತ್ತಾರೆ. 1958ರಲ್ಲಿ ಆದದ್ದು ಅದೇ. ಉತ್ಪಾದನೆಯನ್ನು ಒಮ್ಮೆಗೇ ಏರಿಸಲು ಮಾವೋ ಹೂಡಿದ ಮಹಾ ಜಿಗಿತದ ವರ್ಷ. ಸೆಪ್ಟೆಂಬರ್‌ನಲ್ಲಿ ‘ಪೀಪಲ್ಸ್ ಡೈಲಿ’ ಒಂದು ಸುದ್ದಿ ಹಾಕಿತು. ಗುವಾಂಗ್‌ಶಿಯ ಹುವಾನ್‌ಜಿಯಾಂಗ್ ಕೌಂಟಿಯಲ್ಲಿ ಒಂದು ‘ಮು’ ಗದ್ದೆಗೆ ಒಂದು ಲಕ್ಷ ಮೂವತ್ತು ಸಾವಿರ ‘ಜಿನ್’ ಭತ್ತ ಬೆಳೆದಿದ್ದಾರೆ ಎಂದು. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ಸುಮಾರು 4,000 ಕ್ವಿಂಟಲ್. ಮಂಡ್ಯದಲ್ಲೋ ಗಂಗಾವತಿಯಲ್ಲೋ ಗದ್ದೆ ಮಾಡುವ ರೈತರು ಈಗ ಇದನ್ನು ಕೇಳುತ್ತಿದ್ದರೆ, ಒಳ್ಳೆಯ ನೀರಾವರಿ ಗದ್ದೆಯಲ್ಲಿ ಎಕರೆಗೆ ಇಪ್ಪತ್ತೈದು, ಮೂವತ್ತು ಕ್ವಿಂಟಲ್ ಬಂದರೆ ಸಂತೋಷ ಎಂದು ಅವರಿಗೆ ಗೊತ್ತು. ಹಾಗಾದರೆ ಅಲ್ಲಿ ಮಾಡಿದ್ದೇನು? ಬಲಿಯಲು ಬಂದ ಪೈರನ್ನು ಹತ್ತಾರು ಗದ್ದೆಗಳಿಂದ ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದ್ದರು. ತೆನೆಯ ಮೇಲೆ ಮಕ್ಕಳು ನಿಂತಿರುವಂಥ ಚಿತ್ರಗಳನ್ನೂ ಆ ವರ್ಷ ಪತ್ರಿಕೆಗಳು ಅಚ್ಚು ಹಾಕಿದವು. ಮಕ್ಕಳ ಕಾಲ ಕೆಳಗೆ ಬೆಂಚು ಇಟ್ಟು ಪೈರಿನಲ್ಲಿ ಮರೆಮಾಡಿದ್ದರು.

ಇಲ್ಲಿ ಸುದ್ದಿ ಮೊದಲು ಬಂತು. ಸಂಗತಿಯನ್ನು ಸುದ್ದಿಗೆ ಹೊಂದುವಂತೆ ಗದ್ದೆಯಲ್ಲಿ ನೆಟ್ಟರು. ಕಾಗದದ ಮೇಲಿನ ಆ ಬೆಳೆಯ ಲೆಕ್ಕ ಹಿಡಿದು ಸರ್ಕಾರ ಹಳ್ಳಿಗಳಿಂದ ಧಾನ್ಯ ವಸೂಲಿ ಮಾಡಿತು. ಕಣಜ ಬರಿದಾಯಿತು. ಮುಂದಿನ ಎರಡು ಮೂರು ವರ್ಷದಲ್ಲಿ ಹಸಿವಿನಿಂದ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡುತ್ತಾರೆ. ಕಡಿಮೆ ಅಂದಾಜನ್ನೇ ಹಿಡಿದರೂ ಎದೆ ಒಡೆಯುತ್ತದೆ. ಆ ಪತ್ರಿಕೆಗಳೆಲ್ಲ ಇದ್ದದ್ದು ಯಾರ ಇಲಾಖೆಯ ಕೈಕೆಳಗೆ ಎಂದು ನಿಮಗೆ ಮತ್ತೆ ಹೇಳಬೇಕಾಗಿಲ್ಲ. ಹಸಿವಿನ ನಡುವೆಯೇ ಅವನು ಏರುತ್ತ ಹೋದ. 1959ರಲ್ಲಿ ಉಪಪ್ರಧಾನಿ. 1962ರಲ್ಲಿ ಹಿಮಾಲಯದ ಗಡಿಯಲ್ಲಿ ನಮ್ಮ ಮೇಲೆ ಯುದ್ಧ ನಡೆದಾಗಲೂ ಚೀನಾದ ಪ್ರಚಾರದ ಚುಕ್ಕಾಣಿ ಇವನದೇ. 1965ರಲ್ಲಿ ಸಂಸ್ಕೃತಿ ಸಚಿವ.

ಏರಿದ್ದು ಆಯಿತು. ಈಗ ಬೀಳುವುದನ್ನು ಹೇಳುತ್ತೇನೆ.

1966ರ ಮಾರ್ಚ್‌ನಲ್ಲಿ ಮಾವೋ ಕೇಂದ್ರ ಪ್ರಚಾರ ಇಲಾಖೆಯನ್ನು ಯಮನ ಆಸ್ಥಾನ ಎಂದು ಕರೆದ. ಯಮ ಬೌದ್ಧ ಧರ್ಮದ ಜೊತೆ ನಮ್ಮ ನಾಡಿನಿಂದಲೇ ಅಲ್ಲಿಗೆ ಹೋದವನು. ಯಮನನ್ನು ಉರುಳಿಸಿ, ಕಿಂಕರರನ್ನು ಬಿಡಿಸಿ ಎಂದು ಮಾವೋ ಹೇಳಿದ. ಇಷ್ಟು ವರ್ಷ ತನಗಾಗಿ ದುಡಿದ ಇಲಾಖೆ ಈಗ ಸಾಂಸ್ಕೃತಿಕ ಕ್ರಾಂತಿ ಎಂಬ ತನ್ನ ಹೊಸ ದಾಳಿಗೆ ಅಡ್ಡ ನಿಂತಿದೆ ಎಂದು ಅವನಿಗೆ ಅನಿಸಿತ್ತು.

ಮೇ ತಿಂಗಳಲ್ಲಿ ಬೀಜಿಂಗ್‌ನಲ್ಲಿ ಪಕ್ಷದ ಪಾಲಿಟ್‌ಬ್ಯೂರೋದ ವಿಸ್ತೃತ ಸಭೆ ಸೇರಿತು. ಪೆಂಗ್ ಝೆನ್, ಲುವೊ ರೂಯಿಚಿಂಗ್, ಲು ದಿಂಗ್‌ಯಿ, ಯಾಂಗ್ ಷಾಂಗ್‌ಕುನ್, ಈ ನಾಲ್ವರು ಪಕ್ಷದ್ರೋಹಿಗಳು ಎಂದು ಘೋಷಣೆಯಾಯಿತು. ಸಾಂಸ್ಕೃತಿಕ ಕ್ರಾಂತಿಗೆ ಬಲಿಯಾದ ಮೊದಲ ದೊಡ್ಡ ತಲೆಗಳು ಇವು.

ಆ ಸಭೆಯ ಒಂದು ಪ್ರಸಂಗ ಹೇಳಲೇಬೇಕು. ಲು ದಿಂಗ್‌ಯಿಯ ಎರಡನೆಯ ಹೆಂಡತಿ ಯಾನ್ ವೆಯಿಬಿಂಗ್. ಆಕೆ ವರ್ಷಗಟ್ಟಲೆ ಹೆಸರು ಹಾಕದ ಪತ್ರಗಳನ್ನು ರಕ್ಷಣಾ ಸಚಿವ ಲಿನ್ ಬಿಯಾವೋನ ಮನೆಗೆ ಕಳಿಸಿದ್ದಳು. ಅವನ ಹೆಂಡತಿ ಯೆ ಚುನ್‌ಳ ಹಿಂದಿನ ನಡತೆಯನ್ನು ಅವುಗಳಲ್ಲಿ ಹೀಗಳೆದಿದ್ದಳು. ಏಪ್ರಿಲ್ ಕೊನೆಯಲ್ಲಿ ಯಾನ್ ಬಂಧನವಾಯಿತು. ಮೇ ಸಭೆಗೆ ಬಂದ ನಾಯಕರು ತಮ್ಮ ತಮ್ಮ ಕುರ್ಚಿಯ ಮುಂದೆ ಒಂದೊಂದು ಕಾಗದ ಇಟ್ಟಿರುವುದನ್ನು ಕಂಡರು. ತಾನು ಮದುವೆಯಾದಾಗ ತನ್ನ ಹೆಂಡತಿ ಕನ್ಯೆಯಾಗಿದ್ದಳು ಎಂದು ಲಿನ್ ಬಿಯಾವೋ ಬರೆದುಕೊಟ್ಟ ಪ್ರಮಾಣಪತ್ರ ಅದು. ಲು ಎದ್ದು, ಹೆಂಡತಿಯ ಪತ್ರಗಳ ವಿಚಾರ ತನಗೆ ತಿಳಿಯದು ಎಂದ. ಯಾರೂ ಒಪ್ಪಲಿಲ್ಲ. ಕೋಟ್ಯಂತರ ಜನರನ್ನು ಆಳುವ ಸಭೆ ಇಂಥ ಕಾಗದವನ್ನು ಸಾಕ್ಷಿ ಎಂದು ಓದುವ ಮಟ್ಟಕ್ಕೆ ಬಂದಿತ್ತು. ವಿಚಾರಿಸುವ, ಪರೀಕ್ಷಿಸುವ, ಎದುರುತ್ತರ ಕೊಡುವ ಬಾಯಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ ಮೇಲೆ ಲು ದಿಂಗ್‌ಯಿಯ ಪರ ಮಾತಾಡಲು ಯಾರು ಉಳಿದಿದ್ದರು?

ನಿನ್ನೆಯವರೆಗೆ ಅವನ ಅಪ್ಪಣೆಗೆ ಕಾಯುತ್ತಿದ್ದ ಪತ್ರಿಕೆಗಳು ಇಂದು ಅವನನ್ನೇ ಬೈದವು. ಕೊರಳಿಗೆ ಹಲಗೆ ಕಟ್ಟಿ ಸಾವಿರಾರು ಜನರ ಎದುರು ಅವನನ್ನು ತಲೆ ಬಗ್ಗಿಸಿ ನಿಲ್ಲಿಸಿದರು. ಆಮೇಲೆ ಬೀಜಿಂಗ್‌ನ ಉತ್ತರಕ್ಕಿರುವ ಚಿನ್‌ಚೆಂಗ್ ಸೆರೆಮನೆ. ಬಂಧನದ ಒಟ್ಟು ಕಾಲ ಸುಮಾರು ಹದಿಮೂರು ವರ್ಷ. ಅವನ ಜಾಗಕ್ಕೆ ಬಂದ ತಾವೋ ಝು ಒಂದು ವರ್ಷವೂ ಬಾಳಲಿಲ್ಲ. 1967ರ ಜನವರಿಯಲ್ಲಿ ಅವನೂ ಬಿದ್ದ, 1969ರಲ್ಲಿ ಬಂಧನದಲ್ಲೇ ಸತ್ತ. ಇಲಾಖೆಯೇ ಮುಚ್ಚಿಹೋಗಿ 1977ರಲ್ಲಿ ಮತ್ತೆ ತೆರೆಯಿತು.

ಲು ದಿಂಗ್‌ಯಿ 1978ರ ಕೊನೆಗೆ ಹೊರಬಂದ. 1979ರಲ್ಲಿ ಪಕ್ಷ ಅವನ ಮೇಲಿನ ಆರೋಪಗಳನ್ನೆಲ್ಲ ತೆಗೆದುಹಾಕಿತು. ವಯಸ್ಸು ಎಪ್ಪತ್ತು ದಾಟಿತ್ತು.

ಅವನ ಕಥೆಯ ಕೊನೆಯ ಭಾಗ ಉಳಿದಿದೆ. ಉತ್ತರ ಬರೆದ, ಅದನ್ನು ಮುರಿದ, ಅದಕ್ಕೆ ತಾನೇ ತುತ್ತಾದ ಮನುಷ್ಯ ಹೊರಬಂದ ಮೇಲೆ ಏನು ಹೇಳಿದ?

ಹಲವರು ಹೊರಬಂದು ಸುಮ್ಮನಾದರು. ಕೆಲವರು ಹೊರಬಂದು ಮತ್ತೆ ಹಳೆಯ ದೊಣ್ಣೆಯನ್ನೇ ಹಿಡಿದರು. ಲು ಹಾಗೆ ಮಾಡಲಿಲ್ಲ. ತನ್ನ ಕಾಲದಲ್ಲಿ ಇಲಾಖೆ ಒಬ್ಬರ ಬಳಿಕ ಒಬ್ಬರನ್ನು ಹಣಿಯುವ ಕೆಲಸವನ್ನೇ ಮಾಡಿತು ಎಂದು ಒಪ್ಪಿಕೊಂಡ. 1986ರಲ್ಲಿ, ಆ ನೂರು ಹೂವಿನ ಭಾಷಣಕ್ಕೆ ಮೂವತ್ತು ವರ್ಷ ತುಂಬಿದಾಗ, ಅದರ ಇತಿಹಾಸ ಕುರಿತು ಪತ್ರಿಕೆಯಲ್ಲಿ ಬರೆದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಕ್ಷದ ಕೇಂದ್ರ ಸಮಿತಿ ಒಂದು ನಿರ್ಣಯ ಚರ್ಚಿಸಿತು. ಅದರಲ್ಲಿ ‘ಬೂರ್ಜ್ವಾ ಉದಾರೀಕರಣ’ವನ್ನು, ಅಂದರೆ ಪಾಶ್ಚಾತ್ಯ ಮಾದರಿಯ ಉದಾರ ವಿಚಾರಗಳನ್ನು, ವಿರೋಧಿಸಬೇಕು ಎಂಬ ಮಾತಿತ್ತು. ಬುದ್ಧಿಜೀವಿಗಳನ್ನು ಹೊಡೆಯಲು ಇಂಥ ಪದಗಳು ಹೇಗೆ ಬಳಕೆಯಾಗುತ್ತವೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಪದ ತೆಗೆಯಬೇಕು ಎಂದು ಎಂಬತ್ತರ ಮುದುಕ ಎದ್ದು ವಾದಿಸಿದ. ಡೆಂಗ್ ಷಿಯಾವೋಪಿಂಗ್ ಒಪ್ಪಲಿಲ್ಲ. ಪದ ಉಳಿಯಿತು. ಕೆಲವೇ ತಿಂಗಳಲ್ಲಿ, 1987ರ ಜನವರಿಯಲ್ಲಿ, ಪಕ್ಷದ ಪ್ರಧಾನ ಕಾರ್ಯದರ್ಶಿ ಹು ಯಾವೋಬಾಂಗ್‌ನೇ ಆ ಉದಾರೀಕರಣವನ್ನು ತಡೆಯಲಿಲ್ಲ ಎಂಬ ಆರೋಪಕ್ಕೆ ಸಿಕ್ಕು ಅಧಿಕಾರ ಕಳೆದುಕೊಂಡ.

1996ರ ಮೇ 9ರಂದು ಲು ದಿಂಗ್‌ಯಿ ಬೀಜಿಂಗ್‌ನಲ್ಲಿ ತೀರಿಕೊಂಡ. ಮಕ್ಕಳನ್ನು ಶಾಲೆಗೆ ಕಳಿಸಿ, ಜನರನ್ನು ಮಾತಾಡಲು ಬಿಡಿ, ಇವು ಅವನ ಕೊನೆಯ ಮಾತುಗಳು ಎಂದು ಚೀನಾದಲ್ಲಿ ದಾಖಲಾಗಿದೆ.

ಕೇಳುಗರೇ, ಈ ಮನುಷ್ಯನ ಬಗ್ಗೆ ನನ್ನ ತೀರ್ಮಾನ ಹೇಳಿ ಮುಗಿಸುತ್ತೇನೆ. ಕೊನೆಗಾಲದ ಅವನ ಧೈರ್ಯಕ್ಕೆ ನನ್ನ ಗೌರವವಿದೆ. ಅವನ ಸಮಕಾಲೀನರಲ್ಲಿ ಅಷ್ಟು ಬಿಚ್ಚಿ ಮಾತಾಡಿದವರು ಬೆರಳೆಣಿಕೆಯಷ್ಟು. ಆದರೆ ಹದಿಮೂರು ವರ್ಷದ ಸೆರೆ ಮಾವೋ ಅವನಿಗೆ ಮಾಡಿದ ಅನ್ಯಾಯ. ಅದು 1957ರ ಐದೂವರೆ ಲಕ್ಷ ಜನರಿಗೆ ಅವನು ತೀರಿಸಿದ ಸಾಲವಲ್ಲ. ಆ ಸಾಲ ಹಾಗೆಯೇ ಇದೆ.